ಪಂಚಮಿಗೆ ತವರಿಗೆ ಬಂದವರು

ನಮ್ಮ ಶಾಲೆಯ ಅಡ್ಮಿಷನ್ ರಿಜಿಸ್ಟರಿನಲ್ಲಿ ಹುಡುಗಿಯ ಹೆಸರು, ಅಪ್ಪನ ಹೆಸರು, ಅಡ್ಡಹೆಸರು, ಓಣಿ ಎಲ್ಲ ಇರುತ್ತವೆ. ಇಪ್ಪತ್ತು ವರ್ಷದ ಮೇಲೆ ಆಕೆಯನ್ನು ಹುಡುಕಹೊರಟರೆ ಅದರಲ್ಲಿ ಒಂದೂ ಉಪಯೋಗಕ್ಕೆ ಬರುವುದಿಲ್ಲ. ಮದುವೆಯಾಗಿ ಅಡ್ಡಹೆಸರು ಹೋಗಿರುತ್ತದೆ, ಊರು ಬೇರೆಯಾಗಿರುತ್ತದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಗಂಡನ ಮನೆಯವರು ಸೊಸೆಯ ಹೆಸರನ್ನೇ ಬದಲಿಸಿಬಿಡುತ್ತಾರೆ. ಗಂಡುಮಕ್ಕಳ ಶಾಲೆಗೆ ಈ ತೊಂದರೆ ಇಲ್ಲ. ಅಲ್ಲಿ ಕಲಿತವರಲ್ಲಿ ಬಹಳಷ್ಟು ಮಂದಿ ಅದೇ ಪೇಟೆಯಲ್ಲಿ ಅಂಗಡಿ ಇಟ್ಟಿರುತ್ತಾರೆ, ಅಪ್ಪನ ಹೊಲ ಮಾಡುತ್ತಿರುತ್ತಾರೆ, ಪುರಸಭೆಗೆ ಆರಿಸಿ ಬಂದಿರುತ್ತಾರೆ. ಶಾಲೆಗೆ ಬೆಳ್ಳಿಹಬ್ಬ ಎಂದರೆ ಒಂದು ಸಂಜೆಗೆ ನೂರು ಜನ ಕೂಡುತ್ತಾರೆ. ಹೆಣ್ಣುಮಕ್ಕಳ ಶಾಲೆ ಹಾಗಲ್ಲ. ಅದು ಕಲಿಸಿದವರನ್ನೆಲ್ಲ ಬೇರೆ ಊರಿಗೆ ಕಳಿಸಿಕೊಟ್ಟು ಕೂತ ತಾಯಿಯಂತೆ.

ಹಾವೇರಿ ಜಿಲ್ಲೆಯಲ್ಲಿ, ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಹತ್ತಿರದ ಒಂದು ಊರಿನ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ನಾನು 31 ವರ್ಷ ಕೆಲಸ ಮಾಡಿದೆ. ಅದರಲ್ಲಿ ಕೊನೆಯ 9 ವರ್ಷ ಮುಖ್ಯೋಪಾಧ್ಯಾಯಿನಿಯಾಗಿದ್ದೆ. ನಮ್ಮದು ಅನುದಾನಿತ ಶಾಲೆ. ಹಾಗೆಂದರೆ ಸರ್ಕಾರವೇ ಎಲ್ಲ ನೋಡಿಕೊಳ್ಳುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಸರ್ಕಾರ ಕೊಡುವುದು ಮಂಜೂರಾದ ಹುದ್ದೆಗಳ ಸಂಬಳ. ಸೋರುವ ಹೆಂಚು, ಬಿದ್ದ ಕಾಂಪೌಂಡ್, ಕೆಟ್ಟ ಮೋಟರು, ಶೌಚಾಲಯ, ಇವೆಲ್ಲ ಆಡಳಿತ ಮಂಡಳಿಯ ಪಾಲು. ಗಣಿತದ ಮೇಷ್ಟ್ರು ನಿವೃತ್ತರಾದರೆ ಆ ಜಾಗ ತುಂಬಲು ಅನುಮತಿ ಬರುವವರೆಗೆ ಪಾಠ ಮಾಡುವವರ ಪಗಾರವನ್ನೂ ಮಂಡಳಿಯೇ ಹೊಂದಿಸಬೇಕು. ಫೀ ಏರಿಸೋಣವೆಂದರೆ ನಮ್ಮ ಮಕ್ಕಳ ತಾಯಂದಿರು ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಯವರು. ಉಳಿಯುವುದು ಊರನ್ನು ಕೇಳುವ ದಾರಿಯೊಂದೇ. ಕೇಳುವುದನ್ನು ನಾನು ಹೇಗೆ ಕಲಿತೆ ಎಂಬುದನ್ನು ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ.

2015ರ ಬೇಸಿಗೆಯಲ್ಲಿ ನಾವು ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ‘ಉದಾರ ಮನಸ್ಸಿನಿಂದ ಧನಸಹಾಯ ಮಾಡಬೇಕಾಗಿ ವಿನಂತಿ’ ಎಂದು ಒಂದು ಕರಪತ್ರ ಅಚ್ಚು ಹಾಕಿಸಿ, ರಸೀದಿ ಪುಸ್ತಕ ಹಿಡಿದು, ಮೂರು ಜನ ಶಿಕ್ಷಕಿಯರು ಪೇಟೆಯಲ್ಲಿ ಪಟ್ಟಿ ಎತ್ತಲು ಹೊರಟೆವು. ಗಣಪತಿ ಪೆಂಡಾಲಿಗೆ ಕೊಡುವಂತೆ ಕೊಟ್ಟರು. 51, 101, ಅಪರೂಪಕ್ಕೆ 501. ಯಾರೂ ಇಲ್ಲ ಅನ್ನಲಿಲ್ಲ, ಯಾರೂ ಕರಪತ್ರ ಓದಲೂ ಇಲ್ಲ. ಒಂದು ಅಡತಿ ಅಂಗಡಿಯಲ್ಲಿ ಮಾತ್ರ ವಯಸ್ಸಾದ ಸಾಹುಕಾರರು ನಮ್ಮನ್ನು ಕೂಡ್ರಿಸಿ, ಚಹಾ ತರಿಸಿ ಕೇಳಿದರು:

“ಅಕ್ಕೋರ, ಎಷ್ಟು ರೊಕ್ಕ ಬೇಕಾಗೇತಿ? ಯಾತಕ್ಕ ಬೇಕಾಗೇತಿ? ಅದನ್ನ ಮೊದಲ ಹೇಳ್ರಿ.”

“ಶಾಲೆಯ ಅಭಿವೃದ್ಧಿಗೆ” ಎಂದೆ.

“ಅಭಿವೃದ್ಧಿ ಅಂದ್ರ ಏನ್ರಿ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು 1,001 ರೂಪಾಯಿ ಕೊಟ್ಟು, “ಲೆಕ್ಕ ಹಾಕ್ಕೊಂಡು ಮತ್ತ ಬರ್ರಿ” ಎಂದು ಕೈಮುಗಿದರು. ಆ ದಿನ ಸಂಜೆ ನಾನು ರಸೀದಿ ಪುಸ್ತಕವನ್ನು ಕಪಾಟಿನೊಳಗೆ ಇಟ್ಟು ಬೀಗ ಹಾಕಿದೆ. ಶಾಲೆಗೆ ಏನು ಬೇಕು ಎಂಬುದು ಶಾಲೆಯ ಮುಖ್ಯಸ್ಥೆಗೇ ಗೊತ್ತಿಲ್ಲದಿದ್ದರೆ ಊರು ಹೇಗೆ ಕೊಟ್ಟೀತು?

ಉತ್ತರ ಸಿಕ್ಕಿದ್ದು ಒಂದು ಗೋದಾಮಿನಲ್ಲಿ. ಪಾಲಕರ ಸಭೆಗೆ ತಾಯಂದಿರು ಬರುವುದಿಲ್ಲ ಎಂದು ನಾವು ವರ್ಷವರ್ಷ ದೂರುತ್ತಿದ್ದೆವು. ಸಭೆ ಇಡುತ್ತಿದ್ದುದು ಬೆಳಿಗ್ಗೆ 11 ಗಂಟೆಗೆ. ತೂಕಕ್ಕೆ ತಕ್ಕ ಕೂಲಿ ಪಡೆಯುವವಳು 11 ಗಂಟೆಗೆ ಕೆಲಸ ಬಿಟ್ಟು ಬಂದರೆ ಆ ದಿನದ ಸಂತೆಯ ದುಡ್ಡು ಹೋಯಿತು. ಅವರು ಬರದಿದ್ದರೆ ನಾವೇ ಹೋಗೋಣ ಎಂದು ಒಂದು ಮಧ್ಯಾಹ್ನ ಹೋದೆ. ಬಾಗಿಲಲ್ಲೇ ಘಾಟು ಮೂಗಿಗೆ ಹೊಡೆಯಿತು. ಒಳಗೆ ನಲವತ್ತು ಮಂದಿ ಹೆಂಗಸರು ಸೆರಗಿನಿಂದ ಮೂಗು-ಬಾಯಿ ಕಟ್ಟಿಕೊಂಡು, ಕೆಂಪು ರಾಶಿಯ ಸುತ್ತ ಕುಕ್ಕರುಗಾಲಿನಲ್ಲಿ ಕೂತಿದ್ದರು. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು ಎಂದು ಹೊರಗಿನವರು ಹೊಗಳುತ್ತಾರೆ, 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆಯೂ ಬಂದಿದೆ. ದಿನವಿಡೀ ತೊಟ್ಟು ಬಿಡಿಸುವ ಬೆರಳಿಗೆ ಮಾತ್ರ ಆ ಕಡಿಮೆ ಖಾರವೂ ಉರಿಯೇ. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗುತ್ತಾರೆ. ಮಗುವಿನ ಮುಖ ಮುಟ್ಟಲು ಹೆದರುತ್ತಾರೆ.

ನಾನೂ ಕೂತು ಒಂದು ಹಿಡಿ ಬಿಡಿಸಲು ಹಿಡಿದೆ. ಮಾತು ಅದೂ ಇದೂ ಆಯಿತು. ಎಂಟನೇ ತರಗತಿಯ ಹುಡುಗಿಯೊಬ್ಬಳ ತಾಯಿ ತಲೆ ಎತ್ತದೆಯೇ ಹೇಳಿದಳು: “ನನ್ನ ಮಗಳು ಮುಂಜಾನೆ ಒಂದ ಗುಟುಕು ನೀರೂ ಕುಡೀದಂಗ ಸಾಲಿಗೆ ಬರ್ತಾಳ್ರಿ ಅಕ್ಕೋರ. ಸಾಲ್ಯಾಗ ಹೋಗಾಕ ಜಾಗಾ ಇಲ್ಲಂತ. ಮನಿಗೆ ಬಂದ ಕೂಡಲೇ ಒಂದು ಚರಿಗಿ ನೀರು ಗಟಗಟ ಕುಡೀತಾಳ.” ಪಕ್ಕದವಳು, “ನಮ್ಮಾಕೀನೂ ಹಂಗ” ಎಂದಳು. ಅವಳ ಪಕ್ಕದವಳೂ ತಲೆಯಾಡಿಸಿದಳು. ತಿಂಗಳಿನ ಆ ನಾಲ್ಕು ದಿನ ಮಗಳು ಶಾಲೆ ತಪ್ಪಿಸುತ್ತಾಳೆ ಎಂಬುದನ್ನು ಇನ್ನೊಬ್ಬಳು ಹೇಳಿದಳು. ನಾನು ಹಾಜರಿ ಪುಸ್ತಕದಲ್ಲಿ ‘ಗೈರು’ ಎಂದು ಬರೆದು ಮುಗಿಸುತ್ತಿದ್ದ ವಿಷಯದ ಒಳಗಿನ ಕಾರಣ ಇದು.

ಆಗ ನಮ್ಮಲ್ಲಿ 360 ಹುಡುಗಿಯರಿದ್ದರು, ಶೌಚಾಲಯ ಮೂರು. ಅದರಲ್ಲಿ ಒಂದರ ಬಾಗಿಲು ನಿಲ್ಲುತ್ತಿರಲಿಲ್ಲ. 2014ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಸ್ವಚ್ಛ ವಿದ್ಯಾಲಯ ಮಾರ್ಗಸೂಚಿಯ ಪ್ರಕಾರ 40 ಮಕ್ಕಳಿಗೆ ಒಂದು ಶೌಚಾಲಯ ಮತ್ತು ಮೂರು ಮೂತ್ರಾಲಯ ಇರುವುದು ಒಳ್ಳೆಯದು. ಆ ಲೆಕ್ಕದಲ್ಲಿ ನಮಗೆ ಒಂಬತ್ತು ಬೇಕು. ರಾಜ್ಯ ಸರ್ಕಾರದ ಶುಚಿ ಯೋಜನೆಯಲ್ಲಿ ಪ್ಯಾಡ್‌ಗಳು ಬರುತ್ತಿದ್ದವು. ಅವನ್ನು ಬದಲಿಸಲು ಕೋಣೆಯಿಲ್ಲ, ಬಳಸಿದ್ದನ್ನು ಹಾಕಲು ಜಾಗವಿಲ್ಲ ಎಂದರೆ ಪ್ಯಾಡ್ ಕೊಟ್ಟರೂ ಹುಡುಗಿ ಮನೆಯಲ್ಲೇ ಉಳಿಯುತ್ತಾಳೆ.

ಗೌಂಡಿಯನ್ನು ಕರೆಸಿ ಅಳತೆ ಹಾಕಿಸಿದೆವು. ಆರು ಹೊಸ ಶೌಚಾಲಯ, ಮೂತ್ರಾಲಯ, ಮೇಲೊಂದು ನೀರಿನ ಟಾಕಿ, ಕೈತೊಳೆಯುವ ಕಟ್ಟೆ, ಪ್ಯಾಡ್ ಸುಡಲು ಇಟ್ಟಿಗೆಯ ಒಲೆ. ಒಟ್ಟು 4,60,000 ರೂಪಾಯಿ. ಈ ಮೊತ್ತವನ್ನು ಹಾಗೆಯೇ ಹೇಳಿದರೆ ಕೇಳಿದವರ ಎದೆ ಒಡೆಯುತ್ತದೆ. ಅದಕ್ಕೇ ಬಿಡಿಬಿಡಿಯಾಗಿ ಬರೆದೆವು. ಒಂದು ಬಾಗಿಲಿಗೆ 3,200. ಟಾಕಿಗೆ 7,000. ಒಂದು ಟ್ರ್ಯಾಕ್ಟರ್ ಮರಳು, ನೂರು ಇಟ್ಟಿಗೆ, ಒಂದು ನಲ್ಲಿ, ಪ್ರತಿಯೊಂದಕ್ಕೂ ಅದರದೇ ದರ. ಶಾಲೆಯ ಗೇಟಿನ ಪಕ್ಕದ ಕರಿಹಲಗೆಯ ಮೇಲೆ ಪಟ್ಟಿ ಬರೆಸಿ, ಯಾವುದು ಬಂತೋ ಅದರ ಮುಂದೆ ಗೆರೆ ಎಳೆಯುತ್ತ ಹೋದೆವು. ದಿನಾ ಅದೇ ದಾರಿಯಲ್ಲಿ ಹೋಗುವವರು ನಿಂತು ಓದುತ್ತಿದ್ದರು. ಹಾರ್ಡ್‌ವೇರ್ ಅಂಗಡಿಯವರು ಪೈಪನ್ನು ಖರೀದಿ ದರದಲ್ಲೇ ಕೊಟ್ಟರು. ಅಡತಿಯ ಆ ಸಾಹುಕಾರರು ಹಲಗೆಯನ್ನು ನಿಂತು ಪೂರ್ತಿ ಓದಿ, ಎರಡು ಶೌಚಾಲಯದ ಗೋಡೆ-ಛಾವಣಿ ತಮ್ಮದು ಎಂದರು.

ಗೋದಾಮಿನಿಂದ ಬಂದದ್ದನ್ನು ನಾನು ಮರೆಯಲಾರೆ. 34 ತಾಯಂದಿರು ತಲಾ 100 ರೂಪಾಯಿ ಕೂಡಿಸಿದ್ದರು. ಇಬ್ಬರು ಬಂದು ಸೆರಗಿನ ಗಂಟು ಬಿಚ್ಚಿ ಮೇಜಿನ ಮೇಲಿಟ್ಟರು. ನೋಟುಗಳಿಗೆ ಮೆಣಸಿನಕಾಯಿಯ ವಾಸನೆ ಇತ್ತು. ಎಣಿಸುವಾಗ ನನಗೆ ಸೀನು ಬಂತು, ಅವರೂ ನಕ್ಕರು. 3,400 ಇತ್ತು. “ಒಂದು ಬಾಗಿಲಾ ನಮ್ದು ಅಂತ ಬರಕೋರಿ. ಉಳಿದ 200ಕ್ಕ ಒಳಗಿನ ಚಿಲಕಾ ಗಟ್ಟಿಮುಟ್ಟು ಹಾಕಸ್ರಿ” ಎಂದರು. ಗೌಂಡಿಯ ಅಳತೆಯಲ್ಲಿ ಚಿಲಕದ ಮಾತೇ ಇರಲಿಲ್ಲ. ಹೆಣ್ಣುಮಕ್ಕಳ ಶಾಲೆಯಲ್ಲಿ ಚಿಲಕವೇ ಮುಖ್ಯ ಎಂದು ತಾಯಂದಿರಿಗೆ ಗೊತ್ತಿತ್ತು.

ಮಕ್ಕಳ ಓದಿಗೆ ಕೊಡುವ ಕೈ ನಮ್ಮ ನಾಡಿಗೆ ಹೊಸದಲ್ಲ. ಮೈಸೂರಿನ ಮಹಾರಾಣಿ ಶಾಲೆ 1881ರಲ್ಲಿ ಅರಮನೆಯ ನೆರಳಿನಲ್ಲಿ ಶುರುವಾಯಿತು. ಆಗ ಮುಂಬೈ ಕರ್ನಾಟಕವೆನಿಸಿದ್ದ ನಮ್ಮ ಕಡೆ ಅಂಥ ಅರಮನೆಯ ಆಸರೆ ಇರಲಿಲ್ಲ. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ತರುಣ ಶಿಕ್ಷಕರು ಕೆಎಲ್‌ಇ ಸಂಸ್ಥೆ ಕಟ್ಟಲು ಹೊರಟಾಗ ಅವರ ಬಳಿ ಇದ್ದದ್ದು ತಮ್ಮ ದುಡಿಮೆ ಮತ್ತು ಊರೂರು ತಿರುಗಿ ಕೇಳುವ ಧೈರ್ಯ. ಶಿರಸಂಗಿ ಲಿಂಗರಾಜರು 1906ರಲ್ಲಿ ತೀರಿಕೊಳ್ಳುವ ಮುಂಚೆ ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆಂದು ಬರೆದಿಟ್ಟರು. ಇವತ್ತಿನ ಮಾತಿಗೆ ಬಂದರೆ, ಕಿತ್ತಳೆ ಮಾರಿ ಊರಿಗೆ ಶಾಲೆ ತಂದ ಮಂಗಳೂರಿನ ಹರೇಕಳ ಹಾಜಬ್ಬ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಕೊಪ್ಪಳದ ಕುಣಿಕೇರಿಯ ಹುಚ್ಚಮ್ಮ ಚೌದ್ರಿ ತಮ್ಮ ಎರಡು ಎಕರೆ ಹೊಲವನ್ನು ಶಾಲೆಗೆ ಕೊಟ್ಟು, ಅದೇ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಬೇಯಿಸಿದರು. 2023ರಲ್ಲಿ ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಸಿಕ್ಕಿತು. ಉಳ್ಳವರು ಮಾತ್ರ ಕೊಡುತ್ತಾರೆ ಎಂದು ಯಾರಾದರೂ ಅಂದರೆ ನಾನು ಈ ಇಬ್ಬರ ಹೆಸರು ಹೇಳುತ್ತೇನೆ, ಆಮೇಲೆ ನಮ್ಮ 34 ಮಂದಿಯ ಮಾತು.

ಇತ್ತ ನಮ್ಮ ಶೌಚಾಲಯದ ಅರ್ಧ ಕಟ್ಟಡ ಎದ್ದಿತ್ತು, ಹಣ ನಿಂತಿತ್ತು. ಹಳೆಯ ವಿದ್ಯಾರ್ಥಿನಿಯರನ್ನು ಹುಡುಕಬೇಕೆಂದು ಹೊರಟಾಗಲೇ ನಾನು ಆರಂಭದಲ್ಲಿ ಹೇಳಿದ ತೊಡಕು ಎದುರಾದದ್ದು. ಜನವರಿ 26ಕ್ಕೆ ಸಮ್ಮೇಳನ ಕರೆದರೆ ಹನ್ನೊಂದು ಜನ ಬಂದರು. ಅಡುಗೆ ಸಹಾಯಕಿಯಾಗಿದ್ದ ನಮ್ಮ ಹಿರಿಯಾಕೆ ಆ ದಿನ ಖಾಲಿ ಕುರ್ಚಿ ಎತ್ತಿಡುತ್ತ, “ಜನವರ್ಯಾಗ ಯಾಕ ಕರೀತೀರಿ ಅಕ್ಕೋರ? ಹೆಣ್ಣಮಕ್ಕಳು ತವರಿಗೆ ಬರೋದು ಪಂಚಮಿಗಲ್ಲೇನ್ರಿ?” ಎಂದಳು. ಇಷ್ಟು ಸರಳವಾದದ್ದು ಅಷ್ಟು ಓದಿದ ನಮಗೆ ಹೊಳೆದಿರಲಿಲ್ಲ.

ಉತ್ತರ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ಶ್ರಾವಣದ ನಾಗರ ಪಂಚಮಿ ನಮ್ಮಲ್ಲಿ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಹೋಗಿ ಅಕ್ಕತಂಗಿಯರನ್ನು ಕರೆತರುತ್ತಾನೆ. ರೊಟ್ಟಿ ಹಬ್ಬ, ನಾಗಪ್ಪನಿಗೆ ಹಾಲೆರೆಯುವುದು, ಬೇವಿನ ಮರಕ್ಕೆ ಕಟ್ಟಿದ ಜೋಕಾಲಿ, ಶೇಂಗಾದುಂಡೆ, ಎಳ್ಳುಂಡೆ, ತಂಬಿಟ್ಟು, ಹೀಗೆ ನಾಲ್ಕಾರು ದಿನ ಊರ ತುಂಬ ತವರಿಗೆ ಬಂದವರದೇ ಸಡಗರ. 2016ರಲ್ಲಿ ಹಬ್ಬಕ್ಕೆ ಮೊದಲೇ ನಮ್ಮ ಹುಡುಗಿಯರು ಓಣಿ ಓಣಿ ತಿರುಗಿ, ರಿಜಿಸ್ಟರಿನಲ್ಲಿದ್ದ ಅಪ್ಪಂದಿರ ಮನೆಗಳಿಗೆ ಹೋಗಿ ಹೇಳಿ ಬಂದರು: “ನಿಮ್ಮ ಮಗಳು ಪಂಚಮಿಗೆ ಬಂದರೆ ಮರುದಿನ ಶಾಲೆಗೂ ಕಳಿಸಿಕೊಡಿ.” ನೂರಿಪ್ಪತ್ತಕ್ಕೂ ಹೆಚ್ಚು ಜನ ಬಂದರು. ಸೊಂಟದ ಮೇಲೆ ಕೂಸು, ಕೈಯಲ್ಲಿ ಉಂಡೆಯ ಡಬ್ಬಿ. ಮೈದಾನದ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದೆವು. ಅರವತ್ತು ದಾಟಿದವರೂ ಜೀಕಿದರು.

ಆ ದಿನ ನಾವು ವೇದಿಕೆ ಹಾಕಲಿಲ್ಲ, ಭಾಷಣ ಇಡಲಿಲ್ಲ, ಹಣದ ಮಾತು ತೆಗೆಯಲಿಲ್ಲ. ಬಂದವರು ಹೊರಡುವಾಗ ತವರಿನ ರೀತಿಯಲ್ಲಿ ಉಡಿ ತುಂಬಿದೆವು. ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು, ಅದರ ಜೊತೆಗೆ ಒಂದು ಕಾಗದ. ಅದು ಅಡ್ಮಿಷನ್ ರಿಜಿಸ್ಟರಿನಲ್ಲಿ ಆಕೆಯ ಹೆಸರಿರುವ ಸಾಲಿನ ಜೆರಾಕ್ಸ್ ಪ್ರತಿ. ಹುಟ್ಟುಹೆಸರು, ಅಪ್ಪನ ಹೆಸರು, ಸೇರಿದ ತಾರೀಖು. ಅದನ್ನು ಓದಿ ಎಷ್ಟು ಜನ ಅತ್ತರೋ. ಗಂಡ ತೀರಿದವಳೊಬ್ಬಳು ಉಡಿಯ ಸಾಲಿನಿಂದ ಹಿಂದೆ ಸರಿದು ಗೋಡೆಗೆ ನಿಂತಿದ್ದಳು. ನಾನು ಹೋಗಿ ಕೈಹಿಡಿದು ತಂದೆ. ಶಾಲೆ ಎಂಬ ತವರಿನಲ್ಲಿ ಆ ಭೇದ ಇರಬಾರದು ಎಂದು ನಾವು ಮೊದಲೇ ತೀರ್ಮಾನಿಸಿದ್ದೆವು. ಮುಸ್ಲಿಂ ಓಣಿಯಿಂದ ಬಂದ ಹೆಣ್ಣುಮಕ್ಕಳು ದುಪಟ್ಟಾ ಒಡ್ಡಿ ಅದನ್ನೇ ತೆಗೆದುಕೊಂಡರು.

ಕಟ್ಟಡ ಅರ್ಧಕ್ಕೆ ನಿಂತದ್ದನ್ನು ಬಂದವರೆಲ್ಲ ತಾವೇ ನೋಡಿದರು. ಎಲ್ಲರೂ ಒಂದಿಲ್ಲೊಂದು ಹೊತ್ತಿಗೆ ಹಳೆಯ ಮೂರು ಶೌಚಾಲಯಕ್ಕೆ ಸಾಲು ನಿಂತವರೇ. ಅದೇ ವಾರ ಎಸ್ಸೆಸ್ಸೆಲ್ಸಿ ವರ್ಷದ ಪ್ರಕಾರ ವಾಟ್ಸ್‌ಆ್ಯಪ್ ಗುಂಪುಗಳಾದವು. 1987ರವರು ಮೋಟರು ನಮ್ಮದು ಎಂದರೆ 1994ರವರು ಕೈತೊಳೆಯುವ ಕಟ್ಟೆ ಹಿಡಿದರು. ಇಲ್ಲಿ ಒಂದು ಸೂಕ್ಷ್ಮವಿದೆ. ಹೆಣ್ಣುಮಕ್ಕಳ ಕೈಯಲ್ಲಿ ತಮ್ಮದೇ ಎನ್ನುವ ಹಣ ಕಡಿಮೆ. ಅಣ್ಣ ಪಂಚಮಿಗೆಂದು ಕೈಗಿಟ್ಟ 500ರಲ್ಲಿ 200 ಕೊಟ್ಟು ಹೋದವರಿದ್ದಾರೆ. ಮೈಕಿನಲ್ಲಿ ಮೊತ್ತ ಕೂಗಿದರೆ ಅಂಥವರು ಮುಂದಿನ ವರ್ಷ ಬರುವುದಿಲ್ಲ. ನಾವು ಯಾವ ಮೊತ್ತವನ್ನೂ ಕೂಗಲಿಲ್ಲ. ಗೋಡೆಯ ಫಲಕದಲ್ಲಿ ಹೆಸರುಗಳು ಅಕಾರಾದಿಯಲ್ಲಿವೆ, ಮುಂದೆ ಅಂಕಿ ಇಲ್ಲ. 100 ಕೊಟ್ಟ ತಾಯಿ ಮತ್ತು ಲಕ್ಷ ಕೊಟ್ಟ ವ್ಯಾಪಾರಿ ಅಲ್ಲಿ ಅಕ್ಕಪಕ್ಕ.

ಹೆಸರಿನ ಪ್ರಶ್ನೆ ದೊಡ್ಡದೇ. ಮಹರ್ಷಿ ಕರ್ವೆ ಅವರು 1916ರಲ್ಲಿ ಕಟ್ಟಿದ ಮಹಿಳಾ ವಿಶ್ವವಿದ್ಯಾಲಯಕ್ಕೆ 1920ರಲ್ಲಿ ವಿಠ್ಠಲದಾಸ ಠಾಕರಸಿ 15 ಲಕ್ಷ ರೂಪಾಯಿ ಕೊಟ್ಟರು. ಅದು ಅವರ ತಾಯಿ ನಾಥೀಬಾಯಿಯ ಹೆಸರು ಹೊತ್ತು ಎಸ್‌ಎನ್‌ಡಿಟಿ ಆಯಿತು. ಆ ಗಾತ್ರದ ದಾನಕ್ಕೆ ಹೆಸರು ಸಲ್ಲಬೇಕಾದ್ದೇ. ಆದರೆ ಒಂದು ಕೊಠಡಿಗೆ ಬಣ್ಣ ಬಳಿಸಿ ಶಾಲೆಯ ಕಮಾನಿನ ಮೇಲೆ ಮನೆತನದ ಹೆಸರು ಬೇಕು ಎಂದವರೂ ನಮ್ಮಲ್ಲಿಗೆ ಬಂದಿದ್ದರು. ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಪ್ಯಾಡಿನ ಪೊಟ್ಟಣ ಕೊಡುವಂತೆ ಫೋಟೋ ತೆಗೆಸಿದರೆ ಮಾತ್ರ ಕೊಡುತ್ತೇವೆ ಎಂದವರಿಗೆ ನಾನು ಚಹಾ ಕೊಟ್ಟು ಕಳಿಸಿದೆ. ಮಗುವಿನ ಮಾನ ಮಾರಿ ತಂದ ಹಣದಿಂದ ಶಾಲೆ ಬೆಳೆಯುವುದಿಲ್ಲ. ಈ ವಿಷಯದಲ್ಲಿ ನನಗೆ ಇಂದಿಗೂ ಎರಡನೇ ಮಾತಿಲ್ಲ.

ಕಾನೂನಿನ ಕೆಲವು ಮಾತು ಹೇಳಲೇಬೇಕು, ಒಳ್ಳೆಯ ಮನಸ್ಸಿನವರೇ ಇಲ್ಲಿ ಎಡವುತ್ತಾರೆ. ಪ್ರವೇಶದ ಹೊತ್ತಿಗೆ ‘ದೇಣಿಗೆ’ ಎಂದು ವಸೂಲಿ ಮಾಡುವುದು ದೇಣಿಗೆಯಲ್ಲ, ಅದು ಕ್ಯಾಪಿಟೇಷನ್. ಕರ್ನಾಟಕದಲ್ಲಿ 1984ರಿಂದಲೇ ಅದನ್ನು ನಿಷೇಧಿಸುವ ಕಾಯ್ದೆ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ವಸೂಲಿ ಮಾಡಿದ್ದರ ಹತ್ತು ಪಟ್ಟಿನವರೆಗೆ ದಂಡವಿದೆ. ನಾವು ಮೇ, ಜೂನ್ ತಿಂಗಳಲ್ಲಿ ಯಾವ ಪಾಲಕರಿಂದಲೂ ಒಂದು ಪೈಸೆ ಮುಟ್ಟುತ್ತಿರಲಿಲ್ಲ. ಇನ್ನು ತೆರಿಗೆ. ಸಂಸ್ಥೆಗೆ 80ಜಿ ಮಾನ್ಯತೆ ಇದ್ದರೆ ಸಾಮಾನ್ಯವಾಗಿ ಕೊಟ್ಟ ಹಣದ ಅರ್ಧವನ್ನು, ಒಂದು ಮಿತಿಯೊಳಗೆ, ತೆರಿಗೆಗೆ ಒಳಪಡುವ ಆದಾಯದಿಂದ ಕಳೆಯಬಹುದು. ನಗದಾಗಿ ಕೊಟ್ಟದ್ದು 2,000 ರೂಪಾಯಿ ಮೀರಿದರೆ ಈ ರಿಯಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ಚೆಕ್ಕು ಅಥವಾ ಆನ್‌ಲೈನ್ ಮೂಲಕ ಸಂಸ್ಥೆಯ ಖಾತೆಗೇ ಹಾಕಿಸಿ. ಶಿಕ್ಷಕಿಯ ಸ್ವಂತ ಫೋನ್‌ಪೇಗೆ ಎಂದೂ ಬೇಡ.

ವಿದೇಶದ ಹಣ ಬಂದಾಗ ಇನ್ನೂ ಎಚ್ಚರ ಬೇಕು. ಕೊಲ್ಲಿಯಲ್ಲಿ ನರ್ಸ್ ಆಗಿರುವ ನಮ್ಮ ಹುಡುಗಿಯ ಬಳಿ ಭಾರತದ್ದೇ ಪಾಸ್‌ಪೋರ್ಟ್ ಇದೆ, ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ್ದನ್ನು ನಾವು ಪಡೆದೆವು. ಅಮೆರಿಕದ ಪೌರತ್ವ ಪಡೆದ ಇನ್ನೊಬ್ಬಳು ಅದಕ್ಕಿಂತ ಹತ್ತು ಪಟ್ಟು ಕೊಡುತ್ತೇನೆಂದಳು. ಎಫ್‌ಸಿಆರ್‌ಎ ಎನ್ನುವ 2010ರ ಕಾಯ್ದೆಯ ಪ್ರಕಾರ ಅದು ವಿದೇಶಿ ದೇಣಿಗೆ. ನೋಂದಣಿ ಇಲ್ಲದ ನಾವು ಮುಟ್ಟುವಂತಿರಲಿಲ್ಲ. ಬೇಡವೆಂದು ಬರೆದೆ. ಮುಂದಿನ ಪಂಚಮಿಗೆ ಆಕೆಯೇ ಬಂದು ಎರಡು ದಿನ ಹತ್ತನೇ ತರಗತಿಯವರ ಜೊತೆ ಕೂತು ಇಂಗ್ಲಿಷ್ ಮಾತಾಡಿಸಿದಳು. ನನಗೆ ಅದು ಕಡಿಮೆಯ ದೇಣಿಗೆ ಅನ್ನಿಸಲಿಲ್ಲ. ದೊಡ್ಡ ಕಂಪನಿಗಳು ತಮ್ಮ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕೆಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ನಮ್ಮ ಸುತ್ತ ಅಂಥ ಕಂಪನಿಗಳಿರಲಿಲ್ಲ, ಇದ್ದ ಊರಿನವರು ಕೇಳಲು ಸಂಕೋಚಪಡಬಾರದು.

ಲೆಕ್ಕವನ್ನು ನಾವು ಹುಡುಗಿಯರ ಕೈಗೇ ಕೊಟ್ಟೆವು. ಒಂಬತ್ತನೇ ತರಗತಿಯವರು ಗಣಿತದ ಅವಧಿಯಲ್ಲಿ ಜಮಾ-ಖರ್ಚು ಬರೆದು, ಪ್ರತಿ ತಿಂಗಳ ಮೊದಲ ಶನಿವಾರ ನೋಟಿಸ್ ಬೋರ್ಡಿಗೆ ಹಚ್ಚುತ್ತಿದ್ದರು. ಒಮ್ಮೆ ಇಬ್ಬರು ಹುಡುಗಿಯರು ನನ್ನ ಕೋಣೆಗೆ ಬಂದು, “ಮರಳಿನ ಬಾಡಿಗೆ 640 ರೂಪಾಯಿದು ವೋಚರ್ ಇಲ್ಲ ಟೀಚರ್” ಎಂದರು. ಹುಡುಕಿದರೆ ಅದು ನನ್ನ ಪರ್ಸಿನಲ್ಲೇ ಉಳಿದಿತ್ತು. ತಂದು ಕೊಟ್ಟೆ, ನಂಬರ್ ಹಾಕಿ ಫೈಲಿಗೆ ಸೇರಿಸಿದರು. ಆ ಇಬ್ಬರಲ್ಲಿ ಒಬ್ಬಳು ಈಗ ಬಿ.ಕಾಂ. ಮುಗಿಸಿ ಒಂದು ಆಡಿಟರ್ ಕಚೇರಿಯಲ್ಲಿದ್ದಾಳೆ. ಶಾಲೆಯ ಲೆಕ್ಕವನ್ನು ಈಗಲೂ ವರ್ಷಕ್ಕೊಮ್ಮೆ ಬಂದು ನೋಡುತ್ತಾಳೆ.

2017ರ ಜೂನ್‌ನಲ್ಲಿ ಆರು ಶೌಚಾಲಯಗಳೂ ತೆರೆದವು. ಉದ್ಘಾಟನೆಗೆ ಗಣ್ಯರು ಯಾರೂ ಇರಲಿಲ್ಲ. ಗೋದಾಮಿನ ತಾಯಂದಿರಲ್ಲಿ ಹಿರಿಯಳಾದವಳು ತಮ್ಮ ಬಾಗಿಲನ್ನು ತೆರೆದು, ಒಳಗೆ ಹೋಗಿ, ಚಿಲಕ ಹಾಕಿ ತೆಗೆದು ನೋಡಿ ಹೊರಗೆ ಬಂದು, “ಗಟ್ಟಿ ಐತಿ” ಎಂದಳು. ಆಮೇಲೆ ಹುಡುಗಿಯರು ಚಪ್ಪಾಳೆ ಹೊಡೆದರು.

ಮದುವೆಯಾಗಿ ದೂರ ಹೋಗಿರುವ ಅಕ್ಕತಂಗಿಯರೇ, ಈ ಸಲ ತವರಿಗೆ ಹೋದಾಗ ಅರ್ಧ ತಾಸು ಬಿಡುವು ಮಾಡಿಕೊಂಡು ನೀವು ಕಲಿತ ಶಾಲೆಗೆ ಹೋಗಿ ಬನ್ನಿ. ಆಫೀಸಿಗೆ ಹೋಗುವ ಮೊದಲು ಹಿಂದಿನ ಶೌಚಾಲಯಕ್ಕೆ ಹೋಗಿ. ನಲ್ಲಿ ತಿರುಗಿಸಿ ನೋಡಿ, ಚಿಲಕ ಹಾಕಿ ನೋಡಿ. ಕಂಡದ್ದನ್ನು ಮುಖ್ಯೋಪಾಧ್ಯಾಯಿನಿಗೆ ಹೇಳಿ, ಏನು ಬೇಕು, ಎಷ್ಟಾಗುತ್ತದೆ ಎಂದು ಕೇಳಿ.